ಒರೆಸಿ ಹಾಕಿದ ಗುಲಾಬಿ ಕಲೆ

ಏರುದಾರಿಯ ಅರ್ಧಕ್ಕೆ ಬಂದಾಗ ಕಾರಿನ ಎ.ಸಿ. ತಾನಾಗಿಯೇ ತಂಪು ಕೊಡುವುದನ್ನು ನಿಲ್ಲಿಸಿತು. ಗ್ಯಾಸ್ ಖಾಲಿಯಾಗಿರಬೇಕೆಂದು ನಾನು ಊಹಿಸಿದೆನೇ ಹೊರತು, ಎಂಜಿನ್ ಮಿತಿಮೀರಿ ಕಾದಾಗ ಅದರ ಹೊರೆ ಇಳಿಸಲು ಅನೇಕ ಕಾರುಗಳು ಕಂಪ್ರೆಸರನ್ನು ತಾವೇ ಬಂದ್ ಮಾಡುತ್ತವೆ ಎಂಬುದು ಆ ಕ್ಷಣಕ್ಕೆ ಹೊಳೆಯಲಿಲ್ಲ. ಉಷ್ಣಾಂಶದ ಮುಳ್ಳಿನ ಕಡೆಗೆ ಕಣ್ಣು ಹೋಗುವಷ್ಟರಲ್ಲಿ ಅದು ಕೆಂಪು ಗೆರೆಯ ಹತ್ತಿರಕ್ಕೆ ಬಂದಿತ್ತು.

ಹೀಟರನ್ನು ಪೂರ್ತಿ ತಿರುಗಿಸಿದರೆ ಎಂಜಿನ್ನಿನ ಶಾಖ ಅಷ್ಟಿಷ್ಟಾದರೂ ಹೊರಬರುತ್ತದೆಂದು ಕೇಳಿದ್ದೆ. ತಿರುಗಿಸಿದೆ, ಬಂದದ್ದು ತಣ್ಣನೆಯ ಗಾಳಿ. ರೋಗದ ಹೆಸರು ಅರ್ಧ ಅಲ್ಲಿಯೇ ಸಿಕ್ಕಿತ್ತೆಂದು ಈಗ ಅನ್ನಿಸುತ್ತದೆ: ಎಂಜಿನ್ ಕುದಿಯುತ್ತಿದ್ದರೂ ಹೀಟರಿನಲ್ಲಿ ಬಿಸಿ ಇಲ್ಲವೆಂದರೆ, ಅದರೊಳಗಿನ ಪುಟ್ಟ ರೇಡಿಯೇಟರಿಗೆ ಕೂಲಂಟ್, ಅಂದರೆ ಎಂಜಿನ್ನನ್ನು ತಂಪಾಗಿಡುವ ದ್ರವ, ತಲುಪುತ್ತಿಲ್ಲ, ಅಲ್ಲಿ ಬರಿಯ ಗಾಳಿ ತುಂಬಿಕೊಂಡಿದೆ ಎಂದೇ ಬಹುಮಟ್ಟಿಗೆ ಅರ್ಥ. ಕಾರನ್ನು ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ಎತ್ತಿ ದೂರ ನಿಂತೆ. ಕೂಲಂಟ್ ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕದಷ್ಟು ವಿವೇಕ ಉಳಿದಿತ್ತು. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಬೆರೆತ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ; ಮುಚ್ಚಳ ಹಿಡಿದಿಟ್ಟ ಸುಮಾರು 1 ಬಾರ್ ಒತ್ತಡದಲ್ಲಾದರೆ 125 ಡಿಗ್ರಿ ದಾಟುವವರೆಗೂ ದ್ರವವಾಗಿಯೇ ಇರುತ್ತದೆ. ಬಿಸಿಯಿದ್ದಾಗ ಮುಚ್ಚಳ ತೆರೆದರೆ ಆ ಒತ್ತಡ ಒಮ್ಮೆಲೇ ಇಳಿದು, ಇದ್ದದ್ದೆಲ್ಲ ಕುದಿದು ಮುಖಕ್ಕೇ ಚಿಮ್ಮುತ್ತದೆ.

ಮುಕ್ಕಾಲು ಗಂಟೆ ಕಾದು, ಮೇಲಿನ ಹೋಸನ್ನು ಮುಟ್ಟಿ ನೋಡಿ, ಬಟ್ಟೆ ಹಿಡಿದು ಮುಚ್ಚಳ ತಿರುಗಿಸಿದೆ. ಟ್ಯಾಂಕಿನ ತಳ ಕಾಣುತ್ತಿತ್ತು. ಕುಡಿಯಲು ಇಟ್ಟುಕೊಂಡಿದ್ದ ನೀರನ್ನು ಸುಮಾರು ಒಂದೂವರೆ ಲೀಟರ್ ಸುರಿದು, ಮುಳ್ಳಿನಿಂದ ಕಣ್ಣು ತೆಗೆಯದೆ ನಿಧಾನವಾಗಿ ಮನೆ ಸೇರಿದೆ.

ಟ್ಯಾಂಕ್ ಖಾಲಿಯಾದದ್ದು ಅಂದೇ ಮೊದಲಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೂರು ತಿಂಗಳಿಂದ ಕೂಲಂಟ್ ಕನಿಷ್ಠ ಗೆರೆಗಿಂತ ಕೆಳಗಿಳಿಯುತ್ತಿತ್ತು, ನಾನು ಪ್ರತಿ ಬಾರಿಯೂ ನಲ್ಲಿ ನೀರು ಸುರಿದು ಮುಚ್ಚುತ್ತಿದ್ದೆ. ಬೇಸಿಗೆಯಲ್ಲಿ ಆವಿಯಾಗುವುದು ಸಹಜವೆಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಮುಚ್ಚಿದ ವ್ಯವಸ್ಥೆಯಿಂದ ತಿಂಗಳಿಗೆ ಅರ್ಧ ಲೀಟರ್ ಆವಿಯಾಗುವುದಿಲ್ಲ. ಅಷ್ಟು ಕಡಿಮೆಯಾಗುತ್ತಿದೆಯೆಂದರೆ ಎಲ್ಲಿಯೋ ಸೋರುತ್ತಿದೆ, ಇಲ್ಲವೇ ಎಂಜಿನ್ನಿನ ಒಳಗೆ ಸುಡುತ್ತಿದೆ. ಮುಳ್ಳು ಸದಾ ನಡುವೆಯೇ ನಿಂತಿರುತ್ತಿದ್ದುದೂ ನನ್ನನ್ನು ಮೈಮರೆಸಿತ್ತು. ಅನೇಕ ಕಾರುಗಳಲ್ಲಿ ಮುಳ್ಳು ಪ್ರತಿಯೊಂದು ಡಿಗ್ರಿಯನ್ನೂ ತೋರಿಸುವುದಿಲ್ಲವೆಂದೂ, ಚಾಲಕ ಗಾಬರಿಯಾಗದಿರಲೆಂದು ಸಾಕಷ್ಟು ಅಗಲದ ವ್ಯಾಪ್ತಿಗೆ ಅದನ್ನು ನಡುವೆಯೇ ನಿಲ್ಲಿಸಿರುತ್ತಾರೆಂದೂ ನನಗೆ ತಿಳಿದದ್ದು ಆಮೇಲೆ.

ಮರುದಿನ ಕಾರನ್ನು ನೋಡಿದ ಮೊದಲ ಮೆಕ್ಯಾನಿಕ್, ಬಾನೆಟ್ ಎತ್ತುವ ಮೊದಲೇ, "ಹೆಡ್ ಗ್ಯಾಸ್ಕೆಟ್ ಹೋಗಿದೆ ಸರ್, ಹೆಡ್ ಇಳಿಸಬೇಕು" ಎಂದುಬಿಟ್ಟರು. ಎಂಜಿನ್ನಿನ ತಲೆಗೂ ಅದರ ಕೆಳಗಿನ ಬ್ಲಾಕಿಗೂ ನಡುವೆ ಕೂರುವ, ಸೋರದಂತೆ ತಡೆಯುವ ಹಾಳೆಯೇ ಈ ಗ್ಯಾಸ್ಕೆಟ್. ನೆಲದ ಮೇಲೆ ಒಂದು ಹನಿಯೂ ಬೀಳುತ್ತಿಲ್ಲ, ಆದ್ದರಿಂದ ಕೂಲಂಟ್ ಒಳಗೇ ಸುಡುತ್ತಿದೆ ಎಂಬುದು ಅವರ ತರ್ಕ. ನಾನೂ ರಾತ್ರಿಯಿಡೀ ಕಾರಿನ ಕೆಳಗೆ ರಟ್ಟು ಹಾಸಿ ನೋಡಿದ್ದೆ, ಅದು ಒಣಗಿಯೇ ಇತ್ತು. ಹಾಗಾಗಿ ಎದುರಾಡಲು ಬಾಯಿ ಬರಲಿಲ್ಲ. ಆದರೂ ಎಂಜಿನ್ನಿನ ತಲೆ ಬಿಚ್ಚುವುದು ಸಣ್ಣ ಕೆಲಸವಲ್ಲವಾದ್ದರಿಂದ, ಯೋಚಿಸಿ ಹೇಳುತ್ತೇನೆಂದು ಬಂದೆ.

ಎರಡನೆಯ ಗ್ಯಾರೇಜಿನ ಹಿರಿಯರು ಮಾತು ಕಡಿಮೆಯವರು. ಆಯಿಲ್ ಕಡ್ಡಿ ಎಳೆದು ನೋಡಿದರು; ಎಣ್ಣೆಗೆ ನೀರು ಸೇರಿದ್ದರೆ ಕಾಣುವ ಹಾಲು ಬೆರೆತಂಥ ಬಣ್ಣ ಇರಲಿಲ್ಲ. ಎಂಜಿನ್ ಚಾಲೂ ಮಾಡಿ ಸೈಲೆನ್ಸರಿನ ಹೊಗೆ ನೋಡಿದರು. ನಿಲ್ಲದೆ ಬರುವ ದಟ್ಟ ಬಿಳಿ ಹೊಗೆಯೂ ಇರಲಿಲ್ಲ. ಆಮೇಲೆ ನೀಲಿ ದ್ರವವಿದ್ದ ಗಾಜಿನ ಕೊಳವೆಯೊಂದನ್ನು ಕೂಲಂಟ್ ಟ್ಯಾಂಕಿನ ಬಾಯಿಗೆ ಹಿಡಿದು, ಅಲ್ಲಿನ ಗಾಳಿಯನ್ನು ದ್ರವದ ಮೂಲಕ ಎಳೆದರು. ಗ್ಯಾಸ್ಕೆಟ್ ಒಡೆದು ಸಿಲಿಂಡರಿನ ಹೊಗೆ ಕೂಲಂಟಿಗೆ ನುಗ್ಗುತ್ತಿದ್ದರೆ, ಅದರಲ್ಲಿನ ಇಂಗಾಲದ ಡೈಆಕ್ಸೈಡ್ ತಾಗಿ ಆ ನೀಲಿ ಹಳದಿಗೆ ತಿರುಗುತ್ತದಂತೆ. ನಾನು ಉಸಿರು ಬಿಗಿಹಿಡಿದು ನೋಡುತ್ತಿದ್ದೆ. ನೀಲಿ ನೀಲಿಯಾಗಿಯೇ ಉಳಿಯಿತು.

"ಇವತ್ತು ಬಿಟ್ಟು ಹೋಗಿ. ತಣ್ಣಗಾದ ಮೇಲೆ ಪ್ರೆಶರ್ ಹಾಕಬೇಕು" ಎಂದರು. ಮರುದಿನ ಬೆಳಿಗ್ಗೆ ನಾನು ಹೋದಾಗ ಮುಚ್ಚಳದ ಜಾಗಕ್ಕೆ ಗೇಜ್ ಇರುವ ಕೈಪಂಪನ್ನು ತೊಡಿಸಿ, ಮುಚ್ಚಳದ ಮೇಲೆ ಬರೆದಿದ್ದ ಒತ್ತಡದಷ್ಟೇ, ಅಂದರೆ 1.1 ಬಾರ್‌ನಷ್ಟು, ಗಾಳಿ ತುಂಬಿದ್ದರು. ಹತ್ತು ನಿಮಿಷದಲ್ಲಿ ಗೇಜಿನ ಮುಳ್ಳು ಕಣ್ಣಿಗೆ ಕಾಣುವಷ್ಟು ಇಳಿಯಿತು. ಹೋಸುಗಳ ಕ್ಲಿಪ್ಪುಗಳು ಒಣಗಿದ್ದವು, ರೇಡಿಯೇಟರಿನ ಅಂಚು ಒಣಗಿತ್ತು, ಡ್ಯಾಶ್‌ಬೋರ್ಡಿನ ಕೆಳಗಿನ ಮ್ಯಾಟೂ ಒಣಗಿತ್ತು. ಕೊನೆಗೆ ಬೆಲ್ಟಿನ ಸಂದಿಯಲ್ಲಿ ಟಾರ್ಚ್ ಬಿಟ್ಟು, ಕೂಲಂಟನ್ನು ಎಂಜಿನ್ನಿನಲ್ಲಿ ಸುತ್ತಿಸುವ ವಾಟರ್ ಪಂಪಿನ ಪುಲ್ಲಿಯ ಹಿಂದೆ ಸಣ್ಣ ಕನ್ನಡಿ ಹಿಡಿದು, ನನ್ನನ್ನು ಹತ್ತಿರ ಕರೆದರು. ಪಂಪಿನ ಹೊಟ್ಟೆಯ ಒಂದು ಸಣ್ಣ ರಂಧ್ರದಿಂದ ಹನಿಯೊಂದು ಊರಿ, ದೊಡ್ಡದಾಗಿ, ಎಂಜಿನ್ ಬ್ಲಾಕಿನ ಮೇಲೆ ಹರಿಯಿತು.

ಆ ರಂಧ್ರವನ್ನು ಪಂಪ್ ತಯಾರಿಸುವವರು ಬೇಕೆಂದೇ ಬಿಟ್ಟಿರುತ್ತಾರೆ. ಪಂಪಿನ ಒಳಗಿನ ಸೀಲ್ ಸವೆದಾಗ ಕೂಲಂಟ್ ಬೇರಿಂಗಿಗೆ ನುಗ್ಗಿ ಅದನ್ನು ಕೆಡಿಸದಿರಲಿ, ಹೊರಗೆ ಹರಿದು ಯಾರ ಕಣ್ಣಿಗಾದರೂ ಬೀಳಲಿ ಎಂಬ ಉದ್ದೇಶ. ನನ್ನ ಕಾರಿನಲ್ಲಿ ಆ ಹನಿ ನೆಲ ಮುಟ್ಟುವ ಮೊದಲೇ ಬಿಸಿ ಬ್ಲಾಕಿನ ಮೇಲೆ ಆವಿಯಾಗುತ್ತಿತ್ತು; ರಟ್ಟು ಒಣಗಿದ್ದುದು ಅದಕ್ಕೇ. ಆವಿಯಾದ ಜಾಗದಲ್ಲಿ ಮಾತ್ರ ಗುಲಾಬಿ ಬಣ್ಣದ, ಉಪ್ಪುಗಟ್ಟಿದಂಥ ಕಲೆ ಉಳಿದಿತ್ತು.

ಆ ಕಲೆಯನ್ನು ನಾನು ಮೊದಲೇ ನೋಡಿದ್ದೆ. ತಿಂಗಳ ಹಿಂದೆ ಒಂದು ಭಾನುವಾರ ಹುರುಪಿನಿಂದ ಎಂಜಿನ್ ಸ್ವಚ್ಛಗೊಳಿಸುವಾಗ ಅದನ್ನು ಬ್ರಶ್ಶಿನಿಂದ ಉಜ್ಜಿ, ಒರೆಸಿ, ಮಿಂಚುವಂತೆ ಮಾಡಿದ್ದೆ. ಹಿರಿಯರಿಗೆ ಅದನ್ನು ಹೇಳಿದಾಗ ಅವರು ನಗಲಿಲ್ಲ, ಟ್ಯಾಂಕಿನಲ್ಲಿದ್ದ ಬಣ್ಣಗೆಟ್ಟ ನೀರನ್ನು ತೋರಿಸಿ, "ಇದರಲ್ಲಿ ಕೂಲಂಟ್ ಎಲ್ಲಿದೆ?" ಎಂದಷ್ಟೇ ಕೇಳಿದರು. ನಾನು ಸುರಿಯುತ್ತ ಬಂದ ನೀರಿನಿಂದ ಗ್ಲೈಕಾಲಿನ ಜೊತೆಗೆ ತುಕ್ಕು ತಡೆಯುವ ಅಂಶಗಳೂ ತೆಳುವಾಗಿದ್ದವು, ಕುದಿಬಿಂದು ಕೆಳಗಿಳಿದಿತ್ತು. ಸೀಲನ್ನು ನನ್ನ ನೀರೇ ಕೆಡಿಸಿತೋ ಇಲ್ಲವೋ ಹೇಳಲಾರೆ, ಅದನ್ನು ಉಳಿಸಲಂತೂ ನೆರವಾಗಲಿಲ್ಲ.

ಪಂಪನ್ನೂ ಹಳೆಯ ಬೆಲ್ಟನ್ನೂ ಬದಲಿಸಿ, ವ್ಯವಸ್ಥೆಯನ್ನು ತೊಳೆದು, ಡಿಸ್ಟಿಲ್ಡ್ ನೀರಿನಲ್ಲಿ ಬೆರೆಸಿದ ಕೂಲಂಟ್ ತುಂಬಿದರು. ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬರಲೆಂದು ಹೀಟರ್ ಹಚ್ಚಿ, ಫ್ಯಾನ್ ಎರಡು ಬಾರಿ ತಿರುಗಿ ನಿಲ್ಲುವವರೆಗೆ ಎಂಜಿನ್ ಓಡಿಸಿದರು; ಈ ಸಲ ಬಂದ ಗಾಳಿ ಬಿಸಿಯಾಗಿತ್ತು. ಮೊದಲ ಎರಡು ದಿನ ಮಟ್ಟ ಒಂದು ಬೆರಳಿನಷ್ಟು ಇಳಿದಾಗ ನನ್ನ ಎದೆ ಧಸಕ್ಕೆಂದಿತು. ಉಳಿದ ಗಾಳಿ ಹೊರಬಂದಾಗ ಅಷ್ಟು ಇಳಿಯುವುದು ಸಹಜವೆಂದು ಫೋನಿನಲ್ಲಿ ಹೇಳಿದರು, ಆಮೇಲೆ ಅದು ಕದಲಲಿಲ್ಲ.

ವಾರದ ನಂತರ ತಪಾಸಣೆಗೆ ಒಯ್ದಾಗ ಅಲ್ಲಿನ ಹುಡುಗ ಎಂಜಿನ್ ತೊಳೆದುಕೊಡಲೇ ಎಂದು ಕೇಳಿದ. ಬೇಡವೆಂದೆ, ಟಾರ್ಚ್ ಇಸಿದುಕೊಂಡು ಪಂಪಿನ ಹಿಂದೆ ಒಮ್ಮೆ ಇಣುಕಿ ನೋಡಿ ಮನೆಗೆ ಹೊರಟೆ.