ರಬ್ಬರಿನಲ್ಲಿ ಉಜ್ಜಿದ ಆರನೇ ಪ್ರಶ್ನೆ

ಹೋದ ವಾರವೆಲ್ಲ ನಮ್ಮ ಊಟದ ಮೇಜಿನ ಮೇಲೆ ಪ್ರಶ್ನಾವಳಿಗಳದ್ದೇ ರಾಶಿ. ನನ್ನ ಪಿಎಚ್‌ಡಿಗಾಗಿ ಪದವಿ ವಿದ್ಯಾರ್ಥಿಗಳು ತುಂಬಿಕೊಟ್ಟ ಹಾಳೆಗಳು. ಮನೋವಿಜ್ಞಾನಿ ಗೋಲ್ಡ್‌ಬರ್ಗ್ ಅವರ ಐಪಿಐಪಿ ಅನ್ನುವ, ಸ್ವಭಾವ ಅಳೆಯುವ ಹೇಳಿಕೆಗಳ ಸಂಗ್ರಹದಿಂದ 50 ಹೇಳಿಕೆಗಳನ್ನು ನಾನೇ ಕನ್ನಡಕ್ಕೆ ತಂದಿದ್ದೆ. 1 ಅಂದರೆ 'ನನಗೆ ಸ್ವಲ್ಪವೂ ಹೊಂದುವುದಿಲ್ಲ', 5 ಅಂದರೆ 'ಪೂರ್ತಿ ಹೊಂದುತ್ತದೆ'.

ಓದದೆ ತುಂಬಿದ ಕೆಲವು ಹಾಳೆ ನೋಡಿದ ಕೂಡಲೇ ಗೊತ್ತಾಗುತ್ತವೆ. ಒಬ್ಬರು 3ರ ಸಾಲಿನ ಮೇಲೆ ಉದ್ದಕ್ಕೂ ಒಂದೇ ಗೀಟು ಎಳೆದಿದ್ದರು. ಊಟದ ಬೆಲ್ಲಿಗೆ ಐದು ನಿಮಿಷ ಇದ್ದಾಗ ಹಾಳೆ ಹಂಚಿದ್ದು ನಾನೇ. ಅವರನ್ನು ಹೇಗೆ ಬೈಯಲಿ?

ಉಳಿದವಕ್ಕೆ ಲೆಕ್ಕ ಬೇಕು. ಮೀಡ್ ಮತ್ತು ಕ್ರೇಗ್ ಅನ್ನುವ ಸಂಶೋಧಕರು 2012ರಲ್ಲಿ ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ನೋಡಿದಾಗ ಶೇ. 10ರಿಂದ 12ರಷ್ಟು ಜನ ಹೀಗೆ ಗಮನ ಕೊಡದೆ ಉತ್ತರಿಸಿದ್ದರು. ಹಿಡಿಯಲು ಬಳಸುವ ಒಂದು ಅಳತೆ ನಮ್ಮ ಸಂಖ್ಯಾಶಾಸ್ತ್ರಜ್ಞ ಪಿ. ಸಿ. ಮಹಾಲನೋಬಿಸ್ ಅವರು 1936ರಲ್ಲಿ ಕೊಟ್ಟದ್ದು. ಒಬ್ಬರ ಉತ್ತರಗಳು ಎಲ್ಲರ ಉತ್ತರಗಳಿಂದ ಎಷ್ಟು ದೂರ ಇವೆ ಅನ್ನುವುದನ್ನು ಅದು ಹೇಳುತ್ತದೆ. ಆದರೆ ಎಲ್ಲಕ್ಕೂ 3 ಹಾಕಿದವರು ನಡುಮಧ್ಯದಲ್ಲೇ ಇರುತ್ತಾರೆ, ಅಲ್ವಾ? ತಪ್ಪಿಸಿಕೊಂಡುಬಿಡುತ್ತಾರೆ. ಅವರಿಗೆ ಬೇರೆ ದಾರಿ: ಒಂದೇ ಉತ್ತರ ಸತತವಾಗಿ ಎಷ್ಟು ಸಲ ಬಂತು ಅಂತ ಎಣಿಸಬೇಕು. ಇನ್ನೊಂದು, ಒಂದೇ ಅರ್ಥದ ಎರಡು ಹೇಳಿಕೆಗೆ ಉತ್ತರ ತಾಳೆಯಾಗುತ್ತದೆಯೇ ಅಂತ ನೋಡುವುದು.

ಈ ತಾಳೆಯಲ್ಲೇ ಒಂದು ಹಾಳೆ ಸಿಕ್ಕಿಬಿತ್ತು. 46ನೆಯದು, 'ಅಪರಿಚಿತರ ನಡುವೆ ಸುಮ್ಮನಿರುತ್ತೇನೆ.' ಅದಕ್ಕೆ 5. ಆರನೆಯದು, 'ನಾನು ಜಾಸ್ತಿ ಮಾತಾಡುವುದಿಲ್ಲ.' ಅದಕ್ಕೆ 1! ತೆಗೆದು ಪಕ್ಕಕ್ಕಿಡುವವಳಿದ್ದೆ. ಹಾಳೆಯನ್ನು ಬೆಳಕಿಗೆ ಹಿಡಿದೆ. ಆರನೆಯ ಸಾಲಿನಲ್ಲಿ ಪೆನ್ಸಿಲಿನಿಂದ ಮೊದಲು 5ಕ್ಕೆ ಸುತ್ತು ಹಾಕಿ, ರಬ್ಬರಿನಿಂದ ಉಜ್ಜಿ, ಆಮೇಲೆ 1ಕ್ಕೆ ಹಾಕಿದ್ದರು. ಉಜ್ಜಿ ಉಜ್ಜಿ ಕಾಗದ ತೆಳುವಾಗಿತ್ತು.

ಇದು ಗಮನವಿಲ್ಲದವರ ಕೆಲಸ ಅಲ್ಲವೇ ಅಲ್ಲ. 'ಜಾಸ್ತಿ ಮಾತಾಡಲ್ವಾ?' ಅಂದರೆ ನಾವು 'ಇಲ್ಲ, ಮಾತಾಡಲ್ಲ' ಅನ್ನುತ್ತೇವೆ. ಆ 'ಇಲ್ಲ'ವನ್ನೇ ಹುಡುಕಿಕೊಂಡು ಆ ವಿದ್ಯಾರ್ಥಿ 'ಹೊಂದುವುದಿಲ್ಲ'ಕ್ಕೆ ಹೋಗಿರಬೇಕು. ಹೇಳಿಕೆಯಲ್ಲೂ ಇಲ್ಲ, ಉತ್ತರದಲ್ಲೂ ಇಲ್ಲ ಇಟ್ಟವಳು ನಾನು. ಲೆಕ್ಕಕ್ಕೆ ಗೊಂದಲವೂ ಅಸಡ್ಡೆಯೂ ಒಂದೇ ಥರ ಕಾಣುತ್ತವೆ.

ಆ ಹಾಳೆಯನ್ನು ಉಳಿಸಿಕೊಂಡೆ, ಆರನೆಯ ಉತ್ತರವನ್ನು ಮಾತ್ರ ಯಾರದ್ದನ್ನೂ ಎಣಿಸಲಿಲ್ಲ. ಮುಂದಿನ ಕಾಲೇಜಿಗೆ ಹೊಸದಾಗಿ ಜೆರಾಕ್ಸ್ ಮಾಡಿಸಿದ್ದೇನೆ. ಆರನೆಯದು ಈಗ ಹೀಗಿದೆ: 'ನನ್ನ ಮಾತು ಕಮ್ಮಿ.'