ಫುಲ್ ಡ್ರಾದಲ್ಲಿ, ಅಂದರೆ ಬಿಲ್ಲಿನ ಹೆದೆ ಪೂರ್ತಿ ಎಳೆದು, ಕೈ ನಡುಗದಂತೆ ನಿಲ್ಲೋದು ಹೇಗೆ?

ಬೆಂಗಳೂರಿನಲ್ಲಿ ಆರ್ಚರಿ ಕಲಿಯಲು ಬರುವ ಹೊಸಬರು ನನ್ನನ್ನು ಹೆಚ್ಚಾಗಿ ಕೇಳುವುದು ಇದನ್ನೇ: "ಮೇಡಂ, ಅಮೆರಿಕದ ಬೇಟೆಗಾರರ ವಿಡಿಯೋ ನೋಡಿದೀನಿ. ಜಿಂಕೆ ಪಕ್ಕಕ್ಕೆ ತಿರುಗೋ ತನಕ ಹೆದೆ ಪೂರ್ತಿ ಎಳ್ಕೊಂಡೇ ನಿಂತಿರ್ತಾರೆ. ನಂಗೆ ಐದು ಸೆಕೆಂಡಿಗೇ ಕೈ ನಡುಗುತ್ತೆ. ಜಿಮ್‌ನಲ್ಲಿ ಏನು ಮಾಡ್ಲಿ?"

ಮೊದಲು ಆ ಬೇಟೆಗಾರರ ಬಿಲ್ಲು ಯಾವುದು ಅಂತ ನೋಡಿ. ಆ ವಿಡಿಯೋಗಳಲ್ಲಿ ಹೆಚ್ಚಾಗಿ ಕಾಣುವುದು ಕಾಂಪೌಂಡ್ ಬಿಲ್ಲು. ಅದರ ತುದಿಗಳಲ್ಲಿರುವ ಕ್ಯಾಮ್ ಎಂಬ ಚಕ್ರಗಳು ತಿರುಗಿ, ಎಳೆತದ ಕೊನೆಯಲ್ಲಿ ಭಾರ ಇಳಿಯುತ್ತದೆ. ಇದಕ್ಕೆ ಲೆಟ್-ಆಫ್ ಅಂತಾರೆ. ಎಳೆಯಲು 60 ಪೌಂಡ್ ಬಲ ಬೇಕಾದ ಬಿಲ್ಲಿಗೆ 80% ಲೆಟ್-ಆಫ್ ಇದ್ದರೆ, ಹಿಡಿದು ನಿಲ್ಲಬೇಕಾದದ್ದು 12 ಪೌಂಡ್ ಮಾತ್ರ. ನಿಮ್ಮ ಕೈಯಲ್ಲಿರುವ, ತುದಿಗಳು ಮುಂದಕ್ಕೆ ಬಾಗಿದ ರಿಕರ್ವ್ ಬಿಲ್ಲಿನಲ್ಲಿ ಈ ಅನುಕೂಲ ಇಲ್ಲ. ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತದೆ. ಹಾಗಾಗಿ ಅವರನ್ನು ನೋಡಿ ಬೇಜಾರು ಮಾಡಿಕೊಳ್ಳಬೇಡಿ.

ಆಮೇಲೆ ನಿಮ್ಮ ಬಿಲ್ಲಿನ ಭಾರ, ಅಂದರೆ ಅದನ್ನು ಎಳೆಯಲು ಬೇಕಾದ ಬಲ. ಕುರ್ಚಿಯಲ್ಲಿ ಕೂತು, ಎರಡೂ ಪಾದ ನೆಲದಿಂದ ಎತ್ತಿ, ಬಿಲ್ಲನ್ನು ಆಕಾಶಕ್ಕೆ ತೋರಿಸದೆ ನೇರವಾಗಿ ಎಳೆದು ನೋಡಿ. ಆಗಲಿಲ್ಲವಾ? ಆ ಬಿಲ್ಲು ನಿಮಗೆ ಜಾಸ್ತಿಯಾಯಿತು. ಕಡಿಮೆ ಪೌಂಡಿಗೆ ಇಳಿಯಿರಿ. ಇದರಲ್ಲಿ ಅವಮಾನ ಏನೂ ಇಲ್ಲ.

ಇನ್ನು ಶಕ್ತಿ. ಬೈಸೆಪ್ಸ್ ಬೆಳೆಸಿದರೆ ಸಾಲದು, ಹಿಡಿದು ನಿಲ್ಲಿಸುವುದು ಬೆನ್ನು. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು, ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸ್ಟೀರಿಂಗ್ ಹಿಡಿದು ಬರುವವರ ಭುಜ ಮುಂದಕ್ಕೆ ಬಾಗಿರುತ್ತದೆ. ಭುಜದ ಹಿಂದಿನ ಅಗಲ ಮೂಳೆಗಳನ್ನು ಬೆನ್ನುಮೂಳೆಯ ಕಡೆಗೆ ಸೇರಿಸುವ ಸ್ನಾಯುಗಳೇ ಅವರಲ್ಲಿ ಮಲಗಿಬಿಟ್ಟಿರುತ್ತವೆ. ಅವನ್ನು ಎಬ್ಬಿಸಲು ರೋಯಿಂಗ್ (ಹುಟ್ಟು ಹಾಕುವಂತೆ ಹಿಂದಕ್ಕೆ ಎಳೆಯುವುದು), ಫೇಸ್ ಪುಲ್ (ಮುಖದ ಕಡೆಗೆ ಎಳೆಯುವುದು) ಸಾಕು. ಮನೆಯಲ್ಲಿ ಒಂದು ರಬ್ಬರ್ ಬ್ಯಾಂಡ್ ಇಟ್ಟುಕೊಳ್ಳಿ. ಎಳೆಯುವಾಗ ಭುಜ ಕಿವಿಯ ಹತ್ತಿರ ಏರಬಾರದು. ಎಳೆಯುವ ಕೈಯ ಮೊಣಕೈ ಬಾಣದ ಗೆರೆಗೆ ಸೇರಿದರೆ ಭಾರದ ಒಂದು ಪಾಲನ್ನು ಮೂಳೆಗಳೇ ಹೊರುತ್ತವೆ, ನಡುಕ ಅಲ್ಲೇ ಕಡಿಮೆಯಾಗುತ್ತದೆ.

ಆದರೆ ಹಿಡಿಯುವ ಶಕ್ತಿ ಬರುವುದು ಹಿಡಿದೇ. ಗುರಿಹಲಗೆಯ ಎದುರು, ಹತ್ತಿರದಲ್ಲಿ ನಿಂತು ಬಾಣ ಹೂಡಿ. ಎಳೆದು ಹತ್ತು ಸೆಕೆಂಡ್ ಹಿಡಿಯಿರಿ. ಬಾಣ ಬಿಡದೆ ನಿಧಾನವಾಗಿ ಇಳಿಸಿ. ಹಿಡಿದದ್ದರ ಎರಡರಷ್ಟು ಹೊತ್ತು ಸುಧಾರಿಸಿಕೊಳ್ಳಿ. ವಾರಗಳು ಕಳೆದಂತೆ ಇದನ್ನು 30 ಸೆಕೆಂಡಿಗೆ ಏರಿಸಿ. ಬಾಣವಿಲ್ಲದೆ ಹೆದೆ ಮಾತ್ರ ಯಾವತ್ತೂ ಬಿಡಬೇಡಿ. ಬಾಣಕ್ಕೆ ಹೋಗಬೇಕಾದ ಬಲವೆಲ್ಲ ಬಿಲ್ಲಿಗೇ ಬಡಿದು, ಬಿಲ್ಲು ಮುರಿಯಬಹುದು, ನಿಮಗೂ ಏಟಾಗಬಹುದು.

ನಮ್ಮಲ್ಲಿ ಕಾಡುಪ್ರಾಣಿಗಳ ಬೇಟೆಗೆ 1972ರ ವನ್ಯಜೀವಿ ಕಾಯ್ದೆಯಿಂದಲೇ ತಡೆ ಇದೆ. ಅದು ಸರಿಯೇ ಅಂತ ನನ್ನ ಅಭಿಪ್ರಾಯ. ಹಾಗಾಗಿ ಒಂದು ನಿಮಿಷ ಹಿಡಿದು ನಿಲ್ಲುವ ಅಗತ್ಯ ನಮಗಿಲ್ಲ. ಒಲಿಂಪಿಕ್ಸ್‌ನಲ್ಲಿ 70 ಮೀಟರ್ ದೂರಕ್ಕೆ ಒಬ್ಬರಾದ ಮೇಲೆ ಒಬ್ಬರು ಹೊಡೆಯುವ ಪಂದ್ಯದಲ್ಲಿ, ಬಿಲ್ಲೆತ್ತಿ ಎಳೆದು ಬಿಡುವುದಕ್ಕೆಲ್ಲ ಸೇರಿ ಒಂದು ಬಾಣಕ್ಕೆ ಸಿಗುವುದೇ 20 ಸೆಕೆಂಡ್.

ಬೇಟೆಗಾರರಿಂದ ಕಲಿಯಬೇಕಾದ್ದು ಬೇರೆ ಇದೆ. ಗುರಿ ಸರಿಯಿಲ್ಲ ಅನ್ನಿಸಿದರೆ ಒಳ್ಳೆಯ ಬೇಟೆಗಾರ ಬಾಣ ಬಿಡದೆ ಹೆದೆಯನ್ನು ವಾಪಸ್ ಇಳಿಸುತ್ತಾನೆ. ಸುಸ್ತಾಗಿ ಬಿಟ್ಟ ಬಾಣದಿಂದ ಪ್ರಾಣಿ ಗಾಯಗೊಂಡು ನರಳುತ್ತದೆ. ರೇಂಜಿನಲ್ಲಿ ಅಂಥ ಬಾಣ ಎಲ್ಲಿಗೆ ಹೋಗುತ್ತದೋ ಹೇಳಲಾಗದು. ಅದಕ್ಕೇ ನನ್ನ ಹತ್ತಿರ ಬರುವವರು ಇಳಿಸುವುದನ್ನು ಸಲೀಸಾಗಿ ಮಾಡುವ ತನಕ ನಾನು ಬಿಲ್ಲಿನ ಭಾರ ಏರಿಸಲು ಬಿಡುವುದಿಲ್ಲ. ಏರಿಸುವಾಗಲೂ ಒಂದು ಸಲಕ್ಕೆ ಎರಡೇ ಪೌಂಡ್.