ಕೀಲಿ ಸಿಕ್ಕಿತು

ಬೆಳಿಗ್ಗೆ ಬೀಗದ ಕೀಲಿ ಕಾಣಲಿಲ್ಲ. ಮಗಳ ಮೇಲೆ ರೇಗಿದೆ. "ನಾನು ಮುಟ್ಟಿಲ್ಲ ಅಪ್ಪಾ" ಎಂದು ಮೂರು ಸಲ ಹೇಳಿದಳು. ನನ್ನ ಕಿವಿಗೆ ಹೋಗಲಿಲ್ಲ. ಅವಳನ್ನು ಬಿಟ್ಟು ಇನ್ಯಾರು ಎಂದು ನಿರ್ಧರಿಸಿಯಾಗಿತ್ತು.

ಸಂಜೆ ನನ್ನದೇ ಚೀಲದ ಹರಿದ ಒಳಪದರದೊಳಗೆ ಕೈಗೆ ತಣ್ಣಗೆ ತಾಗಿತು.

ಅವಳ ಮುಂದೆ ಕುಳಿತು "ತಪ್ಪಾಯಿತು ಮಗಳೇ" ಎಂದೆ. ಕೀಲಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಏನೂ ಹೇಳದೆ ನನ್ನ ಅಂಗೈಯಲ್ಲಿಟ್ಟಳು.

ಮೊನ್ನೆ ಗೆಳೆಯರ ನಡುವೆ ಮರಣದಂಡನೆಯ ಮಾತು ಬಂದಾಗ, "ಅಂಥವರನ್ನು ನೇಣಿಗೇರಿಸಲೇಬೇಕು" ಎಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನು ನಾನೇ. ಮಗುವನ್ನು ಕಳೆದುಕೊಂಡ ತಾಯಿಯನ್ನು ನೆನೆದರೆ ಈಗಲೂ ರಕ್ತ ಕುದಿಯುತ್ತದೆ. ಅದು ಸುಳ್ಳಲ್ಲ.

ಆದರೆ ಜಪಾನಿನ ಇವಾವೊ ಹಕಮಾಡ ನೆನಪಾಗುತ್ತಿದ್ದಾರೆ. 1968ರಲ್ಲಿ ಮರಣದಂಡನೆ. 2014ರಲ್ಲಿ ಸೆರೆಯಿಂದ ಹೊರಗೆ. ನಿರ್ದೋಷಿ ಎಂಬ ತೀರ್ಪು ಬಂದದ್ದು 2024ರಲ್ಲಿ, ಅವರಿಗೆ 88 ವರ್ಷವಾಗಿದ್ದಾಗ. ಅಲ್ಲಿ ಕೈದಿಗೆ ನೇಣಿನ ಸುದ್ದಿ ತಿಳಿಯುವುದು ಅದೇ ದಿನ ಬೆಳಿಗ್ಗೆ. ಬಿಡುಗಡೆಯಾದ ಮೇಲೂ ಮನೆಯೊಳಗೆ ಗಂಟೆಗಟ್ಟಲೆ ಅತ್ತಿಂದಿತ್ತ ನಡೆಯುತ್ತಲೇ ಇರುತ್ತಿದ್ದರಂತೆ.

ಅವರಾದರೂ ತೀರ್ಪು ಬರುವವರೆಗೆ ಬದುಕಿದ್ದರು. ಬ್ರಿಟನ್ನಿನ ತಿಮೋತಿ ಇವಾನ್ಸ್‌ನನ್ನು 1950ರಲ್ಲಿ ಗಲ್ಲಿಗೇರಿಸಿದರು. ಅದೇ ಮನೆಯಲ್ಲಿ ವಾಸವಿದ್ದ ಬೇರೊಬ್ಬ ವ್ಯಕ್ತಿ ಸರಣಿ ಕೊಲೆಗಾರನಾಗಿದ್ದ ಎಂಬುದು ಆಮೇಲೆ ಬಯಲಾಯಿತು. ಇವಾನ್ಸ್‌ಗೆ ಕ್ಷಮಾದಾನ ಸಿಕ್ಕಿದ್ದು 1966ರಲ್ಲಿ.

ಹದಿನಾರು ವರ್ಷ ತಡವಾಗಿ ಬಂದ ಆ ಕಾಗದವನ್ನು ಯಾರ ಅಂಗೈಯಲ್ಲಿ ಇಡುವುದು?

ಮಗಳು ಮಲಗಿದ್ದಾಳೆ. ನಾಳೆ ಗೆಳೆಯರಿಗೆ ಫೋನ್ ಮಾಡಬೇಕು.